ಮೇಣ ಸವರಿದ ಗುಂಡು

೧೯೯೬ರಲ್ಲಿ, ಏಳನೇ ತರಗತಿಗೆ ನನ್ನ ಓದು ನಿಂತಿತು. ಅಂದಿನಿಂದ ದುಡಿದೇ ಬೆಳೆದವನು ನಾನು, ಸುಲಭಕ್ಕೆ ಯಾರಿಗೂ ಕೈ ಮುಗಿಯುವವನಲ್ಲ. ನಮ್ಮೂರು ಇಟ್ಟಿಗಿಯಲ್ಲಿ ಪಕ್ಕದ ಹೊಲದಲ್ಲಿದ್ದ ಅಜ್ಜನಿಗೆ ಮಾತ್ರ ಮುಗಿಯುತ್ತೇನೆ.

ಬೆಳೆಗೆ ಬೀಳುವ ಕಾಡುಹಂದಿಗಳಿಗೆಂದು ಅಜ್ಜನ ಬಳಿ ಲೈಸೆನ್ಸಿನ ಹಳೆಯ ಬಂದೂಕಿತ್ತು. ಸೀಸ ಕರಗಿಸಿ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ಯುತ್ತಿದ್ದ. ಮೊದಲೇ ಮೇಣ ಹಚ್ಚಿಟ್ಟರೆ ನಮ್ಮ ಬಿಸಿಲಿಗೆ ಕರಗಿ ಜೇಬಿಗೆ ಅಂಟುತ್ತದೆಂದು, ಬಂದೂಕಿಗೆ ತುಂಬುವ ಹೊತ್ತಿಗೇ ಗುಂಡನ್ನು ಅಂಗೈಯಲ್ಲಿ ಉರುಳಿಸುತ್ತ ಜೇನುಮೇಣ ಸವರುತ್ತಿದ್ದ. “ಒಣಾ ಗುಂಡು ಬಂದೂಕಿನ ನಳಗಿ ಕೆಡಿಸ್ತೈತಿ” ಎನ್ನುವುದು ಅವನ ಯಾವತ್ತಿನ ಮಾತು.

ಒಂದು ಸಂಜೆ ನಮ್ಮ ಮೆಕ್ಕೆಜೋಳ ಅಲುಗಾಡಿತು.

“ಹಂದಿ ಬಂದಾವ, ಲಗೂನ ಹೊಡಿಯಜ್ಜ,” ಎಂದೆ.

“ತಡಿಯಲೇ, ಹಂದಿಗೇನು ಬಸ್ಸು ತಪ್ಪತೈತೇನು?” ಎಂದ ಅಜ್ಜ, ಮೇಣ ಸವರುತ್ತಲೇ ಇದ್ದ.

ಅಷ್ಟರಲ್ಲಿ ಮೆಕ್ಕೆಜೋಳದೊಳಗಿಂದ ಹುಲ್ಲಿನ ಹೊರೆ ಹೊತ್ತ ನನ್ನ ತಮ್ಮ ಹೊರಬಂದ. ಅಜ್ಜ ಗುಂಡನ್ನು ಜೇಬಿಗೆ ಹಾಕಿ, ಅಂಗೈಯ ಮೇಣವನ್ನು ಧೋತರಕ್ಕೆ ಒರೆಸಿಕೊಂಡ. ಆ ಸಂಜೆಯ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಈಗ ಅಜ್ಜ ಇಲ್ಲ. ನನಗೆ ನಾಲ್ಕು ಎಕರೆ ಹೊಲ ಇದೆ, ಒಂದು ಟ್ರ್ಯಾಕ್ಟರ್ ಇದೆ, ಒಬ್ಬ ತಮ್ಮನಿದ್ದಾನೆ.