ಬಾಯಿಗೆ ಬೆಳಕು, ಜೇಬಿನಲ್ಲಿ ಕವಳ

ಸ್ನೇಹಿತರೇ, ಇವತ್ತು ಶಿರಸಿಯಲ್ಲಿ ಹಲ್ಲಿನ ಡಾಕ್ಟರ ಎದುರು ನನ್ನ ಮರ್ಯಾದೆ ಹೋಯಿತು.

ನಮ್ಮನೆಯವರಿಗೆ ವರ್ಷಗಳಿಂದ ಬಾಯೊಳಗೆ ಹುಣ್ಣು, ಉರಿ. ಮಜ್ಜಿಗೆ ಅನ್ನವೂ ಇಳಿಯುವುದಿಲ್ಲ. ಈಗ ಬಾಯೊಳಗೆ ಕೆಂಪು ಬೆಳಕು ಬಿಡುವ ಚಿಕಿತ್ಸೆ ನಡೆದಿದೆ. ಇವರಿಗೆ ಕಪ್ಪು ಕನ್ನಡಕ ಹಾಕಿಸುತ್ತಾ ಡಾಕ್ಟರು, "ಎಲೆಯಡಿಕೆ ಕವಳ ಪೂರ್ತಿ ಬಿಟ್ಟಿದ್ದಾರೆ ತಾನೇ? ಇಲ್ಲದಿದ್ರೆ ಈ ಹುಣ್ಣು ಕ್ಯಾನ್ಸರಿಗೆ ತಿರುಗಬಹುದು" ಎಂದರು. ಎಲೆ, ಅಡಿಕೆ, ತಂಬಾಕು ಯಾವುದನ್ನೂ ಮುಟ್ಟುತ್ತಿಲ್ಲ, ಅದಕ್ಕೆ ನಾನೇ ಜವಾಬ್ದಾರಿ ಎಂದು ಎದೆ ತಟ್ಟಿ ಹೇಳಿದೆ.

ಬೆಳಕು ಬಿಟ್ಟಾಯಿತು. ಉರಿ ತಗ್ಗಿದ ಖುಷಿಗೆ ಇವರು ಕುರ್ಚಿಯಿಂದ ಎದ್ದವರೇ, ಮನೆಗೆ ಬಂದ ನೆಂಟರಿಗೆ ಕೊಡುವ ಹಾಗೆ, ಜೇಬಿನಿಂದ ಕವಳದ ಸಂಚಿ ತೆಗೆದು ಡಾಕ್ಟರ ಮುಂದೆ ಹಿಡಿದರು!

"ತಗಳಿ ಡಾಕ್ಟ್ರೇ, ಒಂದು ಕವಳ ಹಾಕಿ."

ಡಾಕ್ಟರು ಸಂಚಿ ಬಿಟ್ಟು ನನ್ನ ಮುಖ ನೋಡುತ್ತಿದ್ದರು.

"ಎಂತದು ಇದು?" ಎಂದು ಇವರನ್ನು ಕೇಳಿದೆ.

"ಆನು ಹಾಕಲೆ ಅಲ್ದೇ ಮಾರಾಯ್ತಿ, ಬಂದವಕ್ಕೆ ಕೊಡಲೆ ಇಟ್ಗಂಡಿದ್ದು" ಎಂದರು ಇವರು, ತಾವು ಹಾಕಲಿಕ್ಕಲ್ಲ ಎಂದು ಸಮಜಾಯಿಷಿ ಕೊಡುತ್ತಾ.

"ಇಲ್ಲಿಗೆ ಬಂದಿದ್ದು ನಾವು!"

ಸಂಚಿ ಕಸಿದು ನನ್ನ ಬ್ಯಾಗಿಗೆ ಹಾಕಿಕೊಂಡೆ. "ಡಾಕ್ಟ್ರೇ, ಬಾಯಿ ನೀವು ನೋಡ್ಕೊಳ್ಳಿ. ಇನ್ಮೇಲೆ ಜೇಬು ನಾನು ನೋಡ್ಕೊಳ್ತೇನೆ" ಎಂದು ಹೇಳಿ ಹೊರಟು ಬಂದೆ.