ಒಪ್ಪಿಕೊಂಡು ಮನೆಗೆ ಹೋಗುವುದು

ವಕೀಲರ ಗುಮಾಸ್ತನಾಗಿ ಮೊದಲು ಕಾರ್ಕಳದಲ್ಲಿ, ಆಮೇಲೆ ಉಡುಪಿಯಲ್ಲಿ ಆಯುಷ್ಯ ಸವೆಸಿದವನು ನಾನು. ಕೋಳಿಗಳನ್ನು ಕಾದಾಡಿಸಿ ಬಾಜಿ ಕಟ್ಟುವ ಕೋಳಿಅಂಕದ ಮೇಲೆ ಪೊಲೀಸರು ದಾಳಿ ಮಾಡಿದರೆ ಮರುದಿನ ಕೋರ್ಟಿನ ಜಗಲಿಯಲ್ಲಿ ನನ್ನದೊಂದೇ ಮಂತ್ರ: "ಒಪ್ಪಿಕೊಳ್ಳಿ, ದಂಡ ಕಟ್ಟಿ, ಮನೆಗೆ ಹೋಗಿ." ವಾದಕ್ಕೆ ನಿಂತರೆ ವರ್ಷಗಟ್ಟಲೆ ವಾಯಿದೆಗೆ ಅಲೆಯಬೇಕು. ಹಾಗಾಗಿ ಕೋಳಿ ಬಿಟ್ಟವನೂ ಸುಮ್ಮನೆ ನೋಡಲು ಹೋದವನೂ ಒಂದೇ ಸಾಲಿನಲ್ಲಿ ನಿಂತು ತಲೆಯಾಡಿಸುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಮನೆಯಲ್ಲಿ.

ಕಾರ್ಕಳದಲ್ಲಿ ಹಾಗೆ ಸಿಕ್ಕಿಬಿದ್ದವರಲ್ಲಿ ಕಾಪುವಿನ ಒಬ್ಬನಿದ್ದ, ದೋಣಿ ಕೆಲಸದವನು. ಕೋಳಿ ಅವನದಲ್ಲ, ಬಾಜಿ ಕಟ್ಟಿದವನೂ ಅಲ್ಲ.

"ನಾನು ಎಂತ ಮಾಡಿದ್ದೇನೆ ಅಂತ ಒಪ್ಪಿಕೊಳ್ಳುವುದು?"

"ಅದೆಲ್ಲ ಯಾರಿಗೆ ಬೇಕು ಮಾರಾಯ? ಹೌದು ಅನ್ನು, ಬಸ್ಸು ಹಿಡಿ" ಎಂದೆ. ನನಗೆ ಹಸಿವಾಗಿತ್ತು.

ಹೌದು ಎಂದು ದಂಡ ಕಟ್ಟಿ ಹೋದ ಅವನು ಮುಂದೆ ಹಡಗಿನ ಅಡುಗೆಮನೆ ಸೇರಿ, ಅಮೆರಿಕದಲ್ಲಿ ಇಳಿದು, ಅಲ್ಲಿಯವಳನ್ನೇ ಮದುವೆಯಾಗಿ, ಮಗಳೊಬ್ಬಳ ತಂದೆಯಾಗಿ, ಅಲ್ಲೇ ಕಾಯಂ ಇರಲು ಗ್ರೀನ್ ಕಾರ್ಡು ಪಡೆದು ಹೋಟೆಲೊಂದರಲ್ಲಿ ದುಡಿಯುತ್ತಿದ್ದನಂತೆ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಉಡುಪಿಯಲ್ಲಿ ಮೀನು ಮಾರುವ ಅವನ ಅಕ್ಕ ನಮ್ಮ ಆಫೀಸಿಗೆ ಬಂದಾಗ. ಅವರ ಕೈಯಲ್ಲಿ ಮನೆ ಜಾಗದ ಆರ್‌ಟಿಸಿ ಇತ್ತು.

"ತಮ್ಮನನ್ನು ಅಲ್ಲಿ ಒಳಗೆ ಹಾಕಿದ್ದಾರೆ. ಜಾಮೀನಿಗೆ ಇದು ಸಾಕಾ ನೋಡಿ ಮಾರಾಯ್ರೆ."

ಅಲ್ಲಿನ ವಕೀಲರ ಕಾಗದ ಓದಿ ನಮ್ಮ ವಕೀಲರು ವಿವರಿಸಿದರು. ಹಿಂದೊಮ್ಮೆ ಹೋಟೆಲಿನ ಸಾಮಾನು ಕಳವಾದ ಕೇಸಿನಲ್ಲಿ ಅವನು ತಪ್ಪೊಪ್ಪಿಕೊಂಡಿದ್ದ. ಶಿಕ್ಷೆ ಅಮಾನತಾಗಿ ಮನೆಗೂ ಹೋಗಿದ್ದ. ಈಗ ಅದೇ ಒಪ್ಪಿಗೆ ಹಿಡಿದು ದೇಶದಿಂದ ಹೊರಹಾಕುವ ವಿಚಾರಣೆ. ಅದು ಮುಗಿಯುವವರೆಗೆ ಅಂಥವರನ್ನು ಕೂಡಿಹಾಕಲೇಬೇಕೆಂದು ಕಾನೂನು. ಜಾಮೀನು ಕೊಡುವ ಅಧಿಕಾರವೇ ನ್ಯಾಯಾಧೀಶರಿಗಿಲ್ಲ.

"ಕೊಲೆ ಮಾಡಿದವನಿಗೂ ಜಾಮೀನು ಕೇಳಲಿಕ್ಕೆ ಉಂಟು, ಅಲ್ವಾ?" ಎಂದರು ಅಕ್ಕ. ನಮ್ಮ ವಕೀಲರು ಕನ್ನಡಕ ಒರೆಸಿಕೊಂಡರು.

ಅಲ್ಲಿನ ವಕೀಲರು ಆ ಕಾನೂನನ್ನೇ ಪ್ರಶ್ನಿಸಿ ಅರ್ಜಿ ಹಾಕಿದರು. ಅದಕ್ಕೆ ಬೇಕಾದ ಅಫಿಡವಿಟ್‌ಗಳನ್ನು ನಾನು ಟೈಪ್ ಮಾಡಿ, ನೋಟರಿಯ ಮುದ್ರೆ ಹಾಕಿಸಿ, ಮಣಿಪಾಲದಿಂದ ಕೊರಿಯರ್ ಮಾಡುತ್ತಿದ್ದೆ. ಅಕ್ಕ ಬುಟ್ಟಿಯನ್ನು ಹೊರಗಿಟ್ಟು ಬಂದು ಹೆಬ್ಬೆಟ್ಟು ಒತ್ತುತ್ತಿದ್ದರು. ಅಷ್ಟರಲ್ಲಿ ಬೇರೆ ಯಾರದೋ ಕೇಸಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ವಿಚಾರಣೆ ನಡೆಯುವ ಸ್ವಲ್ಪ ಕಾಲ ಹೀಗೆ ಕೂಡಿಹಾಕಬಹುದು ಎಂದುಬಿಟ್ಟಿತು. ಸ್ವಲ್ಪ ಕಾಲವಂತೆ! ಇವನು ಒಳಗೆ ಹೋಗಿ ವರ್ಷ ದಾಟಿತ್ತು. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿ ಮತ್ತೊಂದು ಅರ್ಜಿ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ; ಇವನಿಗೆ ಎರಡರಲ್ಲಿ ಒಂದೂ ಬರಲಿಲ್ಲ. ಹೊಸ ಅಫಿಡವಿಟ್ ಟೈಪ್ ಮಾಡುವಾಗ ನನಗೇ ಸುಸ್ತಾಗುತ್ತಿತ್ತು.

ಒಂದು ದಿನ ನನ್ನ ಹೆಸರಿಗೇ ಅವನ ಕಾಗದ ಬಂತು.

"ಸಾಮಾನು ನಾನು ಕದ್ದದ್ದಲ್ಲ. ಒಪ್ಪಿಕೊಂಡರೆ ಮನೆಗೆ ಹೋಗಬಹುದು ಎಂದರು. ಕಾರ್ಕಳದಲ್ಲಿ ನೀವು ಹೇಳಿದ್ದು ನೆನಪಾಯಿತು, ಹೌದು ಎಂದೆ. ಈಗ ಊರಿಗೆ ಹೋಗಲು ಒಪ್ಪಿ ಸಹಿ ಹಾಕಿದರೆ ಇಲ್ಲಿಂದ ಬಿಡುತ್ತಾರೆ. ಆದರೆ ಮತ್ತೆ ಈ ದೇಶಕ್ಕೆ, ಮಗಳ ಹತ್ತಿರ ಬರಲಿಕ್ಕಾಗುವುದಿಲ್ಲ. ಎಂತ ಮಾಡಲಿ, ನೀವೇ ಹೇಳಿ."

ನನ್ನನ್ನು ಬೈದಿರಲಿಲ್ಲ. ಬೈದಿದ್ದರೆ ಉತ್ತರ ಬರೆಯುವುದು ಸುಲಭವಾಗುತ್ತಿತ್ತೇನೋ. ಹೋರಾಡು ಎನ್ನೋಣವೆಂದರೆ ಒಳಗೆ ಕೊಳೆಯುವವನು ನಾನಲ್ಲ. ಸಹಿ ಹಾಕು ಎನ್ನಲು ನಾಚಿಕೆಯಾಯಿತು. ನಾಳೆ ಬರೆಯುತ್ತೇನೆ ಎಂದು ಕಾಗದವನ್ನು ಮೇಜಿನ ಡ್ರಾಯರಿನಲ್ಲಿಟ್ಟೆ. ಒಂದೂವರೆ ತಿಂಗಳು ಅದು ಅಲ್ಲೇ ಇತ್ತು. ಅಷ್ಟರಲ್ಲಿ ಅವನು ಸಹಿ ಹಾಕಿದ ಸುದ್ದಿ ಬಂತು.

ಊರಿಗೆ ಬಂದ ವಾರದೊಳಗೆ ಅಕ್ಕ ಅವನನ್ನು ಕರೆದುಕೊಂಡು ಆಫೀಸಿಗೆ ಬಂದರು. ಬಾಳೆಲೆಯಲ್ಲಿ ಸುತ್ತಿದ ಅಂಜಲ್ ಮೀನನ್ನು ನನ್ನ ಮೇಜಿನ ಮೇಲಿಟ್ಟು, "ನಿಮ್ಮಿಂದಾಗಿ ತಮ್ಮ ಮನೆಗೆ ಬಂದ" ಎಂದು ಕೈಮುಗಿದರು. ಅವನ ತಲೆ ಅರ್ಧ ನರೆತಿತ್ತು. ಕ್ಷಮೆ ಕೇಳಲೆಂದು ಅವನನ್ನು ಹೊರಗೆ ಜಗಲಿಗೆ ಕರೆದೆ. ಬಾಯಿ ತೆರೆಯುವ ಮೊದಲೇ ಅವನೇ ಮಾತಾಡಿದ.

"ನೀವು ಬರೆಯುತ್ತೀರಿ ಅಂತ ಕಾದೆ. ಬೇಡ ಅಂತ ಒಂದು ಮಾತು ಬರೆದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ."