ಪ್ರೇಮಲಾಳ ಕನ್ನಡ ಕೀಲಿ

ಪ್ರೇಮಲಾಳ ಬಗ್ಗೆ ಬರೆಯಲು ಜಹೀರಾಬಾದಿನಲ್ಲಿ ನನಗಿಂತ ಯೋಗ್ಯರಿಲ್ಲ. ಹನ್ನೆರಡು ವರ್ಷ ಅವಳನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದೇನೆ. ಹೊಟ್ಟೆಕಿಚ್ಚಿನವನಷ್ಟು ಗಮನವಿಟ್ಟು ಯಾರು ಯಾರನ್ನು ನೋಡುತ್ತಾರೆ, ಹೇಳಿ?

ನಮ್ಮದು ಗಡಿಯಾಚೆಯ ತೆಲುಗು ಸೀಮೆ, ಹೆದ್ದಾರಿಯ ಮಗ್ಗುಲಲ್ಲಿ ನನ್ನದು ಪ್ರಿಂಟಿಂಗ್ ಅಂಗಡಿ. ತೆಲುಗು, ಉರ್ದು, ಹಿಂದಿ, ಏನು ಬೇಕಾದರೂ ಅಚ್ಚು ಹಾಕಿಕೊಡುತ್ತೇನೆ. ಪ್ರೇಮಲಾ ನಮ್ಮ ಓಣಿಯ ಸೊಸೆ, ಬೀದರ ಕಡೆಯ ಹಳ್ಳಿಯಲ್ಲಿ ಹತ್ತನೆಯ ತರಗತಿವರೆಗೆ ಕನ್ನಡ ಕಲಿತು ಬಂದವಳು. ಗಂಡ ಅಮರ್ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿದ್ದಾನೆ. ಬೀದರದಲ್ಲಿ ಬಾಗಿಲು ಹಾಕಿದ ಮುದ್ರಣಾಲಯವೊಂದರಿಂದ ಅವನು ಹಳೆಯ ಕಂಪ್ಯೂಟರ್ ತಂದುಕೊಟ್ಟ. ಅದನ್ನು ಅಡುಗೆಮನೆಯ ಬಾಗಿಲ ಪಕ್ಕ ಇಟ್ಟುಕೊಂಡು ಅವಳು ಕನ್ನಡದ ಲಗ್ನಪತ್ರಿಕೆ ಜೋಡಿಸತೊಡಗಿದಳು. ಸುತ್ತಲಿನ ಕನ್ನಡ ಮಾತಿನ ಊರುಗಳಾದ ನ್ಯಾಲ್ಕಲ್, ರಾಯಿಕೋಡಿನ ಜನ ನನ್ನ ಅಂಗಡಿಯ ಬೋರ್ಡು ನೋಡುತ್ತಲೇ ದಾಟಿ ಅವಳ ಮನೆಗೆ ಹೋಗುತ್ತಿದ್ದರು.

ತಪ್ಪು ನನ್ನದೇ. ನ್ಯಾಲ್ಕಲ್ಲಿನ ಮನ್ಮಥಪ್ಪನವರ ಮಗಳ ಕನ್ನಡ ಪತ್ರಿಕೆಯನ್ನು ಹಿಂದೊಮ್ಮೆ ನಾನು ಮಾಡಿದ್ದೆ. ತೆಲುಗಿಗೆ ರೂಢಿಯಾದ ಕೈ. ವಧುವಿನ ಹೆಸರಿನ ಮುಂದೆ ‘ಚಿ.ಕುಂ.ಸೌ.’ ಎಂದು ಹಾಕುವ ಬದಲು ತೆಲುಗಿನವರಂತೆ ‘ಚಿ.ಲ.ಸೌ.’ ಎಂದು ಹಾಕಿಬಿಟ್ಟೆ. ಮನ್ಮಥಪ್ಪ ಪತ್ರಿಕೆಯ ಕಟ್ಟನ್ನು ನನ್ನ ಟೇಬಲ್ಲಿಗೆ ಕುಕ್ಕಿದರು.

“ಲಗ್ನಕ್ಕ ಮುಂಚೇನೇ ನನ್ನ ಮಗಳ ಕುಂಕುಮ ಅಳಿಸಿದೆಲ್ಲೋ ವೀರಭದ್ರ!”

ಆ ಮಾತು ಹಳ್ಳಿಹಳ್ಳಿ ತಿರುಗಿತು. ಪ್ರೇಮಲಾಳ ರೀತಿಯೇ ಬೇರೆ. ಪತ್ರಿಕೆ ಜೋಡಿಸಿದ ಮೇಲೆ ಕೊಟ್ಟವರನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾಳೆ. “ಸೋದರಮಾವನ ಹೆಸರು ಬಿಟ್ಟೀರಲ್ರಿ ಆಯಿ” ಎಂದು ನೆನಪಿಸುತ್ತಾಳೆ. ಅವರು ಹೂಂ ಅನ್ನುವ ತನಕ ಅಚ್ಚಿಗೆ ಹೋಗುವುದಿಲ್ಲ. ಲಗ್ನದಲ್ಲಿ ಜನ ಅವಳನ್ನು ಕರೆದು ಉಡಿ ತುಂಬುತ್ತಾರೆ. ನನಗೆ ಇಷ್ಟು ವರ್ಷದಲ್ಲಿ ಯಾರೂ ಒಂದು ಟವೆಲ್ ಹೊದಿಸಿಲ್ಲ.

ಈ ವರ್ಷ ನನ್ನ ಮಗಳು ಭುವನೇಶ್ವರಿಯ ಲಗ್ನ ರಾಯಿಕೋಡಿನ ಹುಡುಗನೊಂದಿಗೆ ನಿಶ್ಚಯವಾಯಿತು.

“ಪತ್ರಿಕೆ ತೆಲುಗಿನಾಗೇ ಸಾಕು” ಎಂದೆ.

“ನನ್ನ ತವರಿನವರಿಗೆ ತೆಲುಗು ಓದಾಕ ಬರಂಗಿಲ್ರಿ” ಎಂದಳು ಹೆಂಡತಿ ಪಾರ್ವತಿಬಾಯಿ.

“ಫೋನ್ ಮಾಡಿ ಹೇಳು.”

ಅವಳು ಎದ್ದು ಒಳಗೆ ಹೋದಳು. ಗೆದ್ದೆ ಅಂದುಕೊಂಡೆ.

ಅದೇ ವಾರ ಪ್ರೇಮಲಾ ಕರೆಕಳಿಸಿದಳು. “ಅಣ್ಣಾ, ಕಂಪ್ಯೂಟರ್ ಹಚ್ಚಿದಾಗೆಲ್ಲ ತಾರೀಖು ಹಿಂದಕ್ಕ ಹೋಗಾಕತ್ತದ. ಸ್ವಲ್ಪ ನೋಡ್ರಿ.”

ತಾರೀಖು ನೆನಪಿಡುವ ಒಳಗಿನ ಸೆಲ್ಲು ಸತ್ತಿತ್ತು. ಬದಲಿಸಿ, ತಾರೀಖು ಸರಿಮಾಡಲು ಸೆಟಪ್ ತೆರೆದೆ. ಅಲ್ಲಿ ಪ್ಯಾರಲಲ್ ಪೋರ್ಟ್ ಎಂಬ ಸಾಲು ಕಂಡಿತು. ಅದು ಹಳೆಯ ಕಾಲದ ಪ್ರಿಂಟರಿನ ಅಗಲವಾದ ಪೋರ್ಟು. ಈಗಿನ ಪ್ರಿಂಟರ್ ಯುಎಸ್‌ಬಿಗೆ ಸೇರುವುದರಿಂದ ಅದನ್ನು ಯಾರೂ ಬಳಸುವುದಿಲ್ಲ. ಆದರೆ ಪ್ರೇಮಲಾಳ ಕಂಪ್ಯೂಟರಿನ ಹಿಂದೆ, ಅದೇ ಪೋರ್ಟಿನಲ್ಲಿ ಹೆಬ್ಬೆರಳಿನಷ್ಟು ಡಬ್ಬಿಯೊಂದು ಕೂತಿತ್ತು. ಅದಿಲ್ಲದೆ ಅವಳ ಕನ್ನಡ ಅಕ್ಷರ ತೆರೆಯುವುದಿಲ್ಲ. ಅವಳು ಅದನ್ನು ಕನ್ನಡ ಕೀಲಿ ಅನ್ನುತ್ತಾಳೆ, ಪ್ರತಿ ಸೋಮವಾರ ವಿಭೂತಿ ಹಚ್ಚುತ್ತಾಳೆ. ಇದೆಲ್ಲ ನನಗೆ ಗೊತ್ತಿತ್ತು. ಅವಳು ನನಗಾಗಿ ಚಹಾ ಸೋಸುತ್ತಿದ್ದಳು. ನಾನು ಪೋರ್ಟನ್ನು ಬಂದ್ ಮಾಡಿದೆ.

“ಆತೇನ್ರಿ ಅಣ್ಣಾ?”

“ಆತು ತಂಗಿ. ಕೆಲಸಕ್ಕ ಬಾರದ ಪೋರ್ಟ್ ಒಂದಿತ್ತು, ಬಂದ್ ಮಾಡೀನಿ.”

“ಪುಣ್ಯಾ ಬರಲ್ರಿ ನಿಮಗ” ಎಂದು ಚಹಾ ಕೊಟ್ಟಳು. ಕುಡಿದು ಬಂದೆ.

ಮೂರು ದಿನ ಅವಳ ಮನೆಯಿಂದ ಬರಿಗೈಯಲ್ಲಿ ಬರುವವರನ್ನು ನೋಡುತ್ತ ಖುಷಿಯಾಗಿದ್ದೆ. ಅವರಲ್ಲಿ ಒಬ್ಬರಾದರೂ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಅದು ಬೇರೆ ಮಾತು. ನಾಲ್ಕನೆಯ ದಿನ ಪಾರ್ವತಿಬಾಯಿ ಅಳುತ್ತ ಬಂದಳು.

“ಭುವನೇಶ್ವರಿ ಪತ್ರಿಕೆ ಪ್ರೇಮಲಾನ ಕಂಪ್ಯೂಟರಿನಾಗೇ ಸಿಕ್ಕೊಂಡದ್ರಿ. ನಾಳಿಗಿ ಮೊದಲ ಪತ್ರಿಕೆ ದೇವರ ಮುಂದ ಇಡಬೇಕು.”

“ಯಾವ ಪತ್ರಿಕೆ? ಆಕಿಗಿ ಯಾಕ ಕೊಟ್ಟಿ?”

“ನಿಮ್ಮ ಕೈಯಾಗ ಕೊಟ್ಟು ನನ್ನ ಮಗಳ ಕುಂಕುಮ ಅಳಿಸ್ಲೇನು?”

ಎದ್ದು ನೇರ ಪ್ರೇಮಲಾಳ ಮನೆಗೆ ನಡೆದೆ. ಕಂಪ್ಯೂಟರಿನ ಮುಂದೆ ಕೂತು ಪೋರ್ಟನ್ನು ಮತ್ತೆ ತೆರೆದೆ.

“ಕೆಲಸಕ್ಕ ಬಾರದ್ದು ಅಂದಿದ್ರಲ್ಲ, ಅದೇ ಏನ್ರಿ?” ಎಂದು ಕೇಳಿದಳು.

“ಏನೋ ತಪ್ಪಾಗಿತ್ತು” ಎಂದೆ.

ಪತ್ರಿಕೆ ತೆರೆಯಿತು. ಚಿ.ಕುಂ.ಸೌ. ಭುವನೇಶ್ವರಿ. ಒಂದಾದರೂ ತಪ್ಪು ಸಿಗಲಿ ಎಂದು ಮೂರು ಸಲ ಓದಿದೆ, ಸಿಗಲಿಲ್ಲ. ಕೊನೆಯ ಸಾಲಿನಲ್ಲಿ ‘ಅಕ್ಷರ ಜೋಡಣೆ: ವೀರಭದ್ರ’ ಎಂದಿತ್ತು.

“ಪಾರ್ವತಿ ಅಕ್ಕ ಹಾಕು ಅಂದಿಲ್ರಿ, ನಾನೇ ಹಾಕೀನಿ” ಎಂದಳು ಪ್ರೇಮಲಾ. “ಮಂದ್ಯಾಗ ನಿಮ್ಮ ಮಾನ ಹೋಗಬಾರದಲ್ರಿ.”

ಆಗಲೂ ನನಗೆ ಉಕ್ಕಿದ್ದು ಹೊಟ್ಟೆಕಿಚ್ಚೇ. ಹೆಸರನ್ನು ಹೀಗೆ ಸಕ್ಕರೆ ಹಂಚಿದಂತೆ ಕೊಟ್ಟುಬಿಡಲು ಇವಳಿಗೆ ಹೇಗೆ ಬರುತ್ತದೆ? ಅಳಿಸು ಅನ್ನಬೇಕಿತ್ತು. ಅನ್ನಲಿಲ್ಲ. ಲಗ್ನದ ದಿನ ಮನ್ಮಥಪ್ಪ ಎಲ್ಲರ ಎದುರು ನನ್ನ ಬೆನ್ನು ತಟ್ಟಿ, “ಈಗ ಕಲತಿ ನೋಡು, ಏನ್ ಚಂದ ಬಂದಾವ ಅಕ್ಷರ!” ಎಂದು ಹೆಗಲಿಗೆ ಟವೆಲ್ ಹೊದಿಸಿದರು. ಪ್ರೇಮಲಾ ಅಕ್ಷತೆ ಹಿಡಿದು ಅಲ್ಲೇ ನಿಂತಿದ್ದಳು. “ಹೌದ್ರಿ” ಎಂದೆ.

ಆ ಟವೆಲ್ಲನ್ನು ಇನ್ನೂ ಬಳಸಿಲ್ಲ. ಈ ನಾಲ್ಕು ಪುಟ ಬರೆದು, ಜೋಡಿಸಲು ಅವಳಿಗೇ ಕೊಟ್ಟಿದ್ದೇನೆ. ನಾಳೆ ಬೆಳಿಗ್ಗೆ ಬರ್ರಿ ಅಂದಿದ್ದಾಳೆ. ನನ್ನನ್ನು ಎದುರಿಗೆ ಕೂರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾಳೆ.